ಒಂದೇ ಸುತ್ತಿನ ಅಂತರ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಮ್ಮ ಹಿರಿಯರು ಗದ್ದೆಯ ದುಡಿಮೆಯನ್ನು ಕಂಡು ಕಟ್ಟಿದರು. ಗದ್ದೆಯ ಕೆಸರಿನ ಬದಲು ಇಂಜಿನ್ನಿನ ಎಣ್ಣೆಜಿಡ್ಡಿನಲ್ಲಿ ಕೈ ಅದ್ದಿ ಬೆಳೆದ ಒಬ್ಬ ಕಥೋಲಿಕ ಯುವಕನ ಬಾಳಿಗೂ ಆ ಮಾತು ಅಷ್ಟೇ ಸಲೀಸಾಗಿ ಒಪ್ಪುತ್ತದೆ. ಆತನ ಹೆಸರು ಅಲನ್ ಕುಲ್ವಿಕಿ. ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಟಾಕ್ ಕಾರ್ ಓಟದ ಅತ್ಯುನ್ನತ ಶ್ರೇಣಿಯಲ್ಲಿ 1992ನೇ ಇಸವಿಯ ಚಾಂಪಿಯನ್ ಪಟ್ಟವನ್ನು ಪಡೆದವರು ಇವರು. ಇಪ್ಪತ್ತೊಂಬತ್ತು ಓಟಗಳ ಒಂದು ಇಡೀ ವರ್ಷದ ಸೆಣಸಾಟದ ಕೊನೆಯಲ್ಲಿ ಇವರಿಗೂ ಎರಡನೆಯವರಿಗೂ ಉಳಿದ ಅಂತರ ಕೇವಲ 10 ಅಂಕ. ಆ 10 ಅಂಕಗಳ ಹಿಂದೆ ಇದ್ದುದು ಒಂದೇ ಒಂದು ಸುತ್ತು. ಆ ಒಂದು ಸುತ್ತನ್ನು ಗಳಿಸಲು ಅವರು ಹದಿಮೂರನೆಯ ವಯಸ್ಸಿನಿಂದ ಮೂವತ್ತೇಳರವರೆಗೆ ದುಡಿದರು. ಆ ದುಡಿಮೆಯ ಕಥೆಯನ್ನು ಇಂದು ನಮ್ಮ ಕುಟುಂಬಗಳ ಮುಂದಿಡಲು ನಾವು ಬಯಸುತ್ತೇವೆ. ಯಂತ್ರಗಳ ಮೇಲೆ ಮೋಹವಿರುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರಲ್ಲವೇ?

ಈ ಕ್ರೀಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳುವುದು ಅವಶ್ಯ. ‘ಸ್ಟಾಕ್’ ಎಂದರೆ ಅಂಗಡಿಯಲ್ಲಿ ಮಾರಾಟಕ್ಕಿರುವ ಸರಕು ಎಂದರ್ಥ. ಜನಸಾಮಾನ್ಯರು ಕೊಳ್ಳುವ ಕಾರುಗಳನ್ನೇ ಓಡಿಸಿ ಸ್ಪರ್ಧಿಸುವ ಆಟವಾಗಿ ಇದು ಪ್ರಾರಂಭವಾದುದರಿಂದ ಈ ಹೆಸರು ಬಂದಿತು. ಕಾಲ ಕಳೆದಂತೆ ಕಾರಿನ ಹೊರ ಆಕಾರ ಮಾತ್ರ ಮಾರುಕಟ್ಟೆಯದಾಗಿ ಉಳಿದು, ಒಳಗಿನ ಚೌಕಟ್ಟು, ಇಂಜಿನ್ ಎಲ್ಲವೂ ಓಟಕ್ಕೆಂದೇ ಕಟ್ಟಿದವುಗಳಾದವು. ಅಂಡಾಕಾರದ ಹಾದಿಯಲ್ಲಿ ನೂರಾರು ಸುತ್ತು ಸುತ್ತಬೇಕು. 1948ರಲ್ಲಿ ಹುಟ್ಟಿದ ‘ನ್ಯಾಸ್ಕಾರ್’ ಎಂಬ ಸಂಸ್ಥೆ ಇದರ ಮುಖ್ಯ ಆಡಳಿತಗಾರ. ಅದರ ಅತ್ಯುನ್ನತ ಶ್ರೇಣಿಯನ್ನು ಕುಲ್ವಿಕಿಯವರ ಕಾಲದಲ್ಲಿ ‘ವಿನ್‌ಸ್ಟನ್ ಕಪ್’ ಎನ್ನುತ್ತಿದ್ದರು. ಊರಿನ ಮಣ್ಣಿನ ಹಾದಿಯಿಂದ ಆ ಶ್ರೇಣಿಗೆ ಏರಲು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು: ಮೊದಲು ಊರಿನ ಚಾಂಪಿಯನ್, ಆಮೇಲೆ ಪ್ರಾಂತ್ಯ ಮಟ್ಟ, ಆಮೇಲೆ ಕಿರಿಯ ರಾಷ್ಟ್ರೀಯ ಶ್ರೇಣಿ, ಕೊನೆಗೆ ಹಿರಿಯ ಶ್ರೇಣಿ. ಪ್ರತಿ ಮೆಟ್ಟಿಲಿಗೂ ಹಣ ಬೇಕು, ಪ್ರಾಯೋಜಕರು ಬೇಕು, ಬೆನ್ನ ಹಿಂದೆ ಯಾರಾದರೂ ಇರಬೇಕು. ಕುಲ್ವಿಕಿಯವರ ಬೆನ್ನ ಹಿಂದೆ ಹೆಚ್ಚು ಜನರಿರಲಿಲ್ಲ.

ಪೋಲಿಷ್ ವಲಸಿಗರ ನೆಲ

ಅಲನ್ ಹುಟ್ಟಿದ್ದು 1954ರ ಡಿಸೆಂಬರ್ 14ರಂದು. ಅಮೆರಿಕದ ಉತ್ತರ ಭಾಗದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ನಗರಕ್ಕೆ ತಾಗಿಕೊಂಡಿರುವ ಗ್ರೀನ್‌ಫೀಲ್ಡ್ ಅವರ ಊರು. ಮಿಲ್ವಾಕಿಯ ದಕ್ಷಿಣ ಭಾಗ ಪೋಲೆಂಡ್ ದೇಶದಿಂದ ವಲಸೆ ಬಂದ ಕಥೋಲಿಕ ಕಾರ್ಮಿಕರು ನೆಲೆಯೂರಿದ ಜಾಗ. ಅವರು ಎಂಥ ಜನರೆಂಬುದನ್ನು ತಿಳಿಯಲು ಅಲ್ಲಿನ ಸಂತ ಜೋಸಫಾತರ ಮಹಾದೇವಾಲಯವನ್ನು ನೋಡಿದರೆ ಸಾಕು. ಶಿಕಾಗೊ ನಗರದಲ್ಲಿ ಕೆಡವಲಾದ ಹಳೆಯ ಅಂಚೆ ಕಚೇರಿಯ ಕಲ್ಲು, ಕಂಬಗಳನ್ನು ಕೊಂಡು ತಂದು ಆ ಧರ್ಮಕೇಂದ್ರದ ಜನರು ಅದನ್ನು ಕಟ್ಟಿಸಿ, 1901ರಲ್ಲಿ ಪೂರ್ಣಗೊಳಿಸಿದರು. ಹಳೆಯ ಸಾಮಗ್ರಿಯಿಂದ ಹೊಸದನ್ನು ಕಟ್ಟುವ ಛಲ ಆ ನೆಲದ ಗುಣ. ಅಲನ್‌ರಲ್ಲಿಯೂ ಅದೇ ಗುಣವನ್ನು ನಾವು ಕಾಣುತ್ತೇವೆ.

ಬಾಲ್ಯ ಸುಖಕರವಾಗಿರಲಿಲ್ಲ. ತಾಯಿ ಬೇಗನೆ ತೀರಿಕೊಂಡರು. ಮಕ್ಕಳು ಅಜ್ಜಿಯ ಆಸರೆಯಲ್ಲಿ ಬೆಳೆದರು. ಅಲನ್ ಏಳನೆಯ ತರಗತಿಯಲ್ಲಿದ್ದಾಗ ಅಜ್ಜಿಯೂ ಗತಿಸಿದರು. ಇದ್ದ ಒಬ್ಬನೇ ಸಹೋದರ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ತೊಂದರೆಯಿಂದ ಮರುವರ್ಷ ಅಗಲಿದನು. ಉಳಿದವರು ತಂದೆ ಮತ್ತು ಮಗ. ತಂದೆ ಗೆರಿ ಕುಲ್ವಿಕಿಯವರು ಓಟದ ಕಾರುಗಳಿಗೆ ಇಂಜಿನ್ ಕಟ್ಟುವ ಕುಶಲಕರ್ಮಿ. ಆ ವೃತ್ತಿಯ ನಿಮಿತ್ತ ಅವರು ಊರೂರು ಸುತ್ತುತ್ತಿದ್ದರು. ಹದಿಮೂರನೆಯ ವಯಸ್ಸಿನಲ್ಲಿ ಮಗ ಗೋ-ಕಾರ್ಟ್ ಓಡಿಸಲು ಆರಂಭಿಸಿದಾಗ, ಆ ಪುಟ್ಟ ಬಂಡಿಯನ್ನು ಓಟದ ಸ್ಥಳಕ್ಕೆ ಒಯ್ಯಲು ಬೇರೆಯವರ ವಾಹನಕ್ಕಾಗಿ ತಾನೇ ಅಲೆಯಬೇಕಾಗುತ್ತಿತ್ತು. ದುರಸ್ತಿಯ ಕೆಲಸ ಬಂದರೆ ತಂದೆ ಮಾಡುವ ಬಗೆಯನ್ನು ತೋರಿಸಿಕೊಡುತ್ತಿದ್ದರೇ ಹೊರತು, ತಾವೇ ಮಾಡಿಕೊಡುತ್ತಿರಲಿಲ್ಲ. ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಮಕ್ಕಳ ಕೆಲಸವನ್ನೆಲ್ಲ ಪ್ರೀತಿಯಿಂದ ತಾವೇ ಮಾಡಿ ಮುಗಿಸುವ ತಂದೆತಾಯಿಯರು ಗೆರಿಯವರ ಈ ಕಠಿಣ ಪ್ರೀತಿಯನ್ನು ಒಮ್ಮೆ ಯೋಚಿಸಬೇಕು.

ಓದು ಬಿಡದ ಓಟಗಾರ

ಹನ್ನೊಂದನೆಯ ಪಿಯುಸ್ ಜಗದ್ಗುರುಗಳ ಹೆಸರಿನ ಮಿಲ್ವಾಕಿಯ ಕಥೋಲಿಕ ಪ್ರೌಢಶಾಲೆಯಲ್ಲಿ ಅಲನ್ ಓದಿದರು. ಬಳಿಕ ಅದೇ ನಗರದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಭ್ಯಾಸ ಮಾಡಿ 1977ರಲ್ಲಿ ಪದವಿ ಪಡೆದರು. ಓದುತ್ತಲೇ ಓಟವನ್ನೂ ಬೆಳೆಸಿದರು ಎಂಬುದು ಗಮನಿಸತಕ್ಕ ಸಂಗತಿ. 1973ರಲ್ಲಿ ಹೇಲ್ಸ್ ಕಾರ್ನರ್ಸ್ ಎಂಬಲ್ಲಿನ ಮಣ್ಣಿನ ಹಾದಿಯಲ್ಲಿ ವರ್ಷದ ಶ್ರೇಷ್ಠ ಹೊಸಬರೆನಿಸಿದರು. ಮರುವರ್ಷ ‘ಲೇಟ್ ಮಾಡೆಲ್’ ಎಂಬ, ಊರಮಟ್ಟದ ಅತಿ ವೇಗದ ಕಾರುಗಳ ವರ್ಗಕ್ಕೆ ಏರಿದರು.

ಪದವಿಯ ವರ್ಷದಲ್ಲಿಯೇ ಅವರು ಮಣ್ಣಿನ ಹಾದಿಯಿಂದ ಡಾಂಬರಿನ ಹಾದಿಗೆ ಬಂದರು. ಕಾರು ಕಟ್ಟುವ ಗೆಳೆಯರೊಬ್ಬರೊಡನೆ ಕೂಡಿ, ಬೇರೆಯವರ ಕಾರುಗಳಿಗಿಂತ ಬಹಳ ಗಟ್ಟಿಯಾದ, ಸುಲಭವಾಗಿ ತಿರುಚಿಕೊಳ್ಳದ ಚೌಕಟ್ಟಿನ ಕಾರೊಂದನ್ನು ಸಿದ್ಧಪಡಿಸಿದರು. ತಿರುವಿನಲ್ಲಿ ಚೌಕಟ್ಟು ತಿರುಚಿಕೊಂಡರೆ ಚಕ್ರಗಳು ನೆಲವನ್ನು ಸರಿಯಾಗಿ ಹಿಡಿಯುವುದಿಲ್ಲ. ಚೌಕಟ್ಟು ಗಟ್ಟಿಯಾದರೆ ತಿರುವಿನಲ್ಲಿ ವೇಗವನ್ನು ಹೆಚ್ಚು ತಗ್ಗಿಸಬೇಕಾಗಿಲ್ಲ. ತರಗತಿಯಲ್ಲಿ ಕಲಿತ ಈ ತತ್ತ್ವ ಆ ವರ್ಷವೇ ಫಲ ಕೊಟ್ಟಿತು. ಸ್ಲಿಂಗರ್ ಎಂಬಲ್ಲಿನ ಓಟದ ಹಾದಿಯ ಚಾಂಪಿಯನ್ ಪಟ್ಟ ಅವರದಾಯಿತು. 1979 ಮತ್ತು 1980ರಲ್ಲಿ ವಿಸ್ಕಾನ್ಸಿನ್ ಇಂಟರ್‌ನ್ಯಾಷನಲ್ ರೇಸ್‌ವೇ ಎಂಬ ಹಾದಿಯ ಲೇಟ್ ಮಾಡೆಲ್ ಪಟ್ಟವೂ ಸತತವಾಗಿ ದೊರಕಿತು. ಅನಂತರ ಓಟವನ್ನೇ ವೃತ್ತಿಯಾಗಿ ಸ್ವೀಕರಿಸಿ, ‘ಎ.ಎಸ್.ಎ.’ ಎಂಬ ಸಂಸ್ಥೆ ನಡೆಸುತ್ತಿದ್ದ ಸರಣಿಯಲ್ಲಿ ಊರೂರು ತಿರುಗಿ 1982 ಮತ್ತು 1985ರಲ್ಲಿ ಮೂರನೆಯ ಸ್ಥಾನದವರೆಗೆ ತಲುಪಿದರು.

1984ರಲ್ಲಿ ನ್ಯಾಸ್ಕಾರಿನ ಕಿರಿಯ ಶ್ರೇಣಿಯಲ್ಲಿ ನಾಲ್ಕೇ ಓಟಗಳಲ್ಲಿ ಭಾಗವಹಿಸುವ ಅವಕಾಶ ಸಿಕ್ಕಿತು. ಮೊದಲನೆಯದು ಹುಟ್ಟೂರಿಗೆ ಸಮೀಪದ ಮಿಲ್ವಾಕಿಯಲ್ಲಿಯೇ ನಡೆಯಿತು. ಈ ಹೊಸಬರು ಓಟದಲ್ಲಿ ಅನುಭವಿ ಸ್ಯಾಮ್ ಆರ್ಡ್‌ರ ಹಿಂದೆ ಎರಡನೆಯವರಾದರು. ಈ ಸಾಧನೆಯನ್ನು ಕಂಡ ಬಿಲ್ ಟೆರ್ರಿ ಎಂಬ ಕಾರು ಮಾಲೀಕರು ಹಿರಿಯ ಶ್ರೇಣಿಯ ಕೆಲವು ಓಟಗಳಿಗೆ ತಮ್ಮ ಕಾರನ್ನು ಕೊಡಲು ಮುಂದೆ ಬಂದರು.

ಮನೆಮಾರು ತೊರೆದ ಪಯಣ

ಸ್ಟಾಕ್ ಕಾರ್ ಓಟದ ತವರು ಅಮೆರಿಕದ ದಕ್ಷಿಣ ರಾಜ್ಯಗಳು. ಅಲ್ಲಿಯೇ ಕಾರ್ಯಾಗಾರಗಳು, ಅಲ್ಲಿಯೇ ತಂಡಗಳು. ಉತ್ತರದವರು ಅಲ್ಲಿ ಪರಕೀಯರು. 1985ರಲ್ಲಿ ಮೂವತ್ತು ವರ್ಷದ ಕುಲ್ವಿಕಿಯವರು ತಮ್ಮ ಓಟದ ಸಲಕರಣೆ ಸೇರಿದಂತೆ ಇದ್ದುದರಲ್ಲಿ ಬಹುಪಾಲನ್ನು ಮಾರಿದರು. ಸುಮಾರು 860 ಮೈಲಿ ದೂರದ ಉತ್ತರ ಕೆರೊಲಿನಾದ ಷಾರ್ಲೆಟ್ ನಗರದ ಕಡೆಗೆ ಹೊರಡಲು ಸಿದ್ಧರಾದರು. ಹೊರಡುವುದಕ್ಕೆ ಎರಡು ದಿನಗಳಿರುವಾಗ ವಿದ್ಯುತ್ ದೋಷದಿಂದ ಬೆಂಕಿ ಹತ್ತಿ ಅವರ ಟ್ರಕ್ ಸುಟ್ಟುಹೋಯಿತು. ಇನ್ನೊಬ್ಬರ ಟ್ರಕ್ಕನ್ನು ಎರವಲು ಪಡೆದು, ಪೀಠೋಪಕರಣ, ಕೈ ಉಪಕರಣಗಳನ್ನು ತುಂಬಿದ ಟ್ರೇಲರನ್ನು ಅದಕ್ಕೆ ಕಟ್ಟಿ ಅವರು ದಕ್ಷಿಣಕ್ಕೆ ನಡೆದೇಬಿಟ್ಟರು. ಹೊಟ್ಟೆಪಾಡಿಗಾಗಿ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಪೆಟ್ಟಿಗೆ ಕಟ್ಟಿದ ನಮ್ಮ ಜನರಿಗೆ ಈ ಪಯಣದ ಭಾರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಹಿರಿಯ ಚಾಲಕರು ಈ ಆಗಂತುಕರನ್ನು ಕಂಡು ಮೊದಮೊದಲು ನಕ್ಕರು. ಕಾಲೇಜು ಮುಗಿಸಿದವರೇ ವಿರಳವಾಗಿದ್ದ ಆ ವಲಯದಲ್ಲಿ ಇವರು ಇಂಜಿನಿಯರ್. ಓಟದ ಉಡುಪು ತೊಟ್ಟು, ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದು ಗ್ಯಾರೇಜುಗಳ ನಡುವೆ ನಡೆದಾಡುತ್ತಿದ್ದರು. ಮಾತು ಕಡಿಮೆ, ಸಂಗ ಕಡಿಮೆ. 1985ರ ಸೆಪ್ಟೆಂಬರ್ 8ರಂದು ರಿಚ್ಮಂಡ್‌ನಲ್ಲಿ ಅವರು ಹಿರಿಯ ಶ್ರೇಣಿಯ ಮೊದಲ ಓಟವನ್ನು ಓಡಿದರು. ಆದರೆ ಮರುವರ್ಷದ ನಡುವಿನಲ್ಲಿಯೇ ಟೆರ್ರಿಯವರು ಬೆಂಬಲವನ್ನು ನಿಲ್ಲಿಸಿದರು.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಚಾಲಕನು ಇನ್ನೊಬ್ಬ ಮಾಲೀಕನ ಬಾಗಿಲು ತಟ್ಟುತ್ತಾನೆ. ಕುಲ್ವಿಕಿಯವರು ತಾವೇ ಮಾಲೀಕರಾದರು. ಒಂದು ಕಾರು, ಎರಡು ಇಂಜಿನ್, ಇಬ್ಬರು ಪೂರ್ಣಾವಧಿ ಕೆಲಸಗಾರರು: ಇಷ್ಟೇ ಅವರ ಬಂಡವಾಳ. ಚಾಲಕರೂ ಅವರೇ, ಇಂಜಿನಿಯರೂ ಅವರೇ, ಲೆಕ್ಕಪತ್ರ ನೋಡುವವರೂ ಅವರೇ. 29 ಓಟಗಳ ಆ ವರ್ಷದಲ್ಲಿ 23ರಲ್ಲಿ ಮಾತ್ರ ಓಡಿದರೂ 1986ರ ಶ್ರೇಷ್ಠ ಹೊಸಬರ ಪ್ರಶಸ್ತಿ ಅವರಿಗೆ ಲಭಿಸಿತು. ಮರುವರ್ಷ ಜೆರೆಕ್ಸ್ ಎಂಬ ಇಂಜಿನ್ ಶೀತಕದ ಕಂಪನಿ ಪ್ರಾಯೋಜಕವಾಯಿತು. ಕಾರಿಗೆ 7ನೇ ಸಂಖ್ಯೆ ಬಂತು. 1988ರಲ್ಲಿ ಪಾಲ್ ಆಂಡ್ರೂಸ್ ಎಂಬವರು ತಂಡದ ಮುಖ್ಯ ಮೆಕ್ಯಾನಿಕ್ ಆಗಿ ಸೇರಿಕೊಂಡರು.

ಅದೇ ವರ್ಷದ ನವೆಂಬರ್ 6ರಂದು ಫೀನಿಕ್ಸ್‌ನಲ್ಲಿ ಮೊದಲ ಗೆಲುವು ಬಂತು. ಅಂದು ಅವರು ಮಾಡಿದ ಒಂದು ಕೆಲಸ ಇಡೀ ಕ್ರೀಡೆಯ ನೆನಪಿನಲ್ಲಿ ಉಳಿಯಿತು. ಗೆದ್ದ ಕಾರನ್ನು ಹಿಂದಕ್ಕೆ ತಿರುಗಿಸಿ, ಎಲ್ಲರೂ ಓಡುವ ದಿಕ್ಕಿಗೆ ವಿರುದ್ಧವಾಗಿ ಒಂದು ಸುತ್ತು ನಿಧಾನವಾಗಿ ಬಂದರು. ಈ ಕಾರುಗಳಲ್ಲಿ ಚಾಲಕರು ಎಡಗಡೆ ಕುಳಿತಿರುತ್ತಾರೆ. ಎಂದಿನ ದಿಕ್ಕಿನಲ್ಲಿ ಸುತ್ತಿದರೆ ಪ್ರೇಕ್ಷಕರಿಗೆ ಅವರ ಮುಖ ಕಾಣುವುದಿಲ್ಲ. ತಿರುಗಿ ಬಂದರೆ ಕಿಟಕಿಯ ಬದಿ ಪ್ರೇಕ್ಷಕರಿಗೆ ಎದುರಾಗುತ್ತದೆ, ಕೈ ಬೀಸಿ ವಂದಿಸಬಹುದು. ಅದಕ್ಕೆ ಅವರು ‘ಪೋಲಿಷ್ ವಿಜಯ ಸುತ್ತು’ ಎಂದು ತಾವೇ ಹೆಸರಿಟ್ಟರು. ಪೋಲಿಷ್ ಮೂಲದವರನ್ನು ದಡ್ಡರೆಂದು ಗೇಲಿ ಮಾಡುವ ನಗೆಹನಿಗಳು ಅಮೆರಿಕದಲ್ಲಿ ಆಗ ಮನೆಮಾತಾಗಿದ್ದವು. ಗೇಲಿಯ ಮಾತನ್ನೇ ಗೆಲುವಿನ ಹೆಸರಾಗಿ ಮಾಡಿಕೊಂಡ ಈ ನಡೆಯಲ್ಲಿ ಸಿಟ್ಟೂ ಇಲ್ಲ, ಕೀಳರಿಮೆಯೂ ಇಲ್ಲ.

ಹತ್ತು ಲಕ್ಷ ಡಾಲರಿನ ಪ್ರಶ್ನೆ

1990ರಲ್ಲಿ ಎರಡನೆಯ ಗೆಲುವು ರಾಕಿಂಗ್‌ಹ್ಯಾಮ್‌ನಲ್ಲಿ ಬಂತು, ವರ್ಷದ ಅಂಕಪಟ್ಟಿಯಲ್ಲಿ ಎಂಟನೆಯ ಸ್ಥಾನ ದೊರೆಯಿತು. ಆದರೆ ಅದೇ ವರ್ಷದ ಅಂತ್ಯಕ್ಕೆ ಜೆರೆಕ್ಸ್ ಕಂಪನಿ ಹಿಂದೆ ಸರಿಯಿತು. ಆಗ ಈ ಕ್ರೀಡೆಯ ದಿಗ್ಗಜರಲ್ಲಿ ಒಬ್ಬರಾದ ಜೂನಿಯರ್ ಜಾನ್ಸನ್‌ರು ತಮ್ಮ ತಂಡಕ್ಕೆ ಚಾಲಕರಾಗಿ ಬರುವಂತೆ ಹತ್ತು ಲಕ್ಷ ಡಾಲರುಗಳನ್ನು ಮುಂದಿಟ್ಟರು. ಪ್ರಾಯೋಜಕರಿಲ್ಲದ, ಸಣ್ಣ ಕಾರ್ಯಾಗಾರದ ಒಬ್ಬ ಮನುಷ್ಯನಿಗೆ ಇದು ಎಂಥ ಆಮಿಷ ಎಂಬುದನ್ನು ಊಹಿಸಬಹುದು. ಕುಲ್ವಿಕಿಯವರು ನಿರಾಕರಿಸಿದರು. ತಮ್ಮ ಕಾರನ್ನು ತಾವೇ ಕಟ್ಟಿ ತಾವೇ ಓಡಿಸಬೇಕೆಂಬ ಹಂಬಲ ಅವರಿಗೆ ಹಣಕ್ಕಿಂತ ದೊಡ್ಡದಾಗಿತ್ತು. ಕಾಫಿ ಕಂಪನಿಯೊಂದರ ಪ್ರಾಯೋಜನೆ ತಮಗೆ ಖಚಿತವೆಂದು ಅವರು ನಂಬಿದ್ದರು. ಅದೂ ಜಾನ್ಸನ್‌ರ ತಂಡದ ಪಾಲಾಯಿತು.

1991ನ್ನು ಅವರು ಕೈಯಿಂದಲೇ ಹಣ ಹಾಕಿ ಆರಂಭಿಸಬೇಕಾಯಿತು. ಅಟ್ಲಾಂಟದ ಓಟಕ್ಕೆ ಹೂಟರ್ಸ್ ಎಂಬ ಉಪಾಹಾರಗೃಹ ಕಂಪನಿಯ ಹೆಸರು ಹೊತ್ತ ಬೇರೊಂದು ಕಾರು ಅರ್ಹತೆ ಪಡೆಯಲಿಲ್ಲ. ಆ ಕಂಪನಿ ಕುಲ್ವಿಕಿಯವರ ಬಿಳಿಯ ಕಾರಿಗೆ ಒಂದು ಓಟದ ಮಟ್ಟಿಗೆ ತನ್ನ ಹೆಸರನ್ನು ಕೊಟ್ಟಿತು. ಅವರು ಎಂಟನೆಯವರಾಗಿ ಮುಗಿಸಿದರು. ಒಂದು ಓಟದ ಒಪ್ಪಂದ ದೀರ್ಘಕಾಲದ್ದಾಯಿತು. ಆಗಸ್ಟಿನಲ್ಲಿ ಬ್ರಿಸ್ಟಲ್‌ನ ಅರ್ಧ ಮೈಲಿಯ ಹಾದಿಯಲ್ಲಿ ಮೂರನೆಯ ಗೆಲುವೂ ಬಂತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರೊಡನೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ಒಂದು ನಟ್ಟು, ಒಂದು ಬೋಲ್ಟಿನ ವಿಷಯದಲ್ಲಿಯೂ ಅವರು ರಾಜಿಯಾಗುತ್ತಿರಲಿಲ್ಲ. ಎಲ್ಲವೂ ತಮ್ಮ ಕಣ್ಣ ಮುಂದೆಯೇ ನಡೆಯಬೇಕು. ಈ ಬಿಗಿಯನ್ನು ತಾಳಲಾರದೆ ಬಿಟ್ಟು ಹೋದ ಕೆಲಸಗಾರರು ಅನೇಕರು. ಅವರು ಮದುವೆಯಾಗಲಿಲ್ಲ. ಬಾಳಿನ ಬಹುಭಾಗ ಕಾರ್ಯಾಗಾರದಲ್ಲಿಯೇ ಕಳೆಯಿತು. ಸ್ವಾತಂತ್ರ್ಯಕ್ಕೂ ಬೆಲೆಯಿದೆ, ಅದನ್ನು ಅವರು ಕೊಟ್ಟರು. ಈ ಬೆಲೆಯನ್ನು ಮರೆಮಾಚಿ ಅವರ ಗೆಲುವನ್ನಷ್ಟೇ ಕೊಂಡಾಡಿದರೆ ಯುವಕರಿಗೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ.

103 ಮತ್ತು 102

1992ರಲ್ಲಿ ಬ್ರಿಸ್ಟಲ್ ಮತ್ತು ಪೊಕೊನೊ ಎಂಬ ಎರಡು ಕಡೆ ಅವರು ಗೆದ್ದರು. ಆದರೆ ಸೆಪ್ಟೆಂಬರಿನಲ್ಲಿ ಡೋವರ್‌ನ ಓಟದಲ್ಲಿ ಕಾರು ಅಪಘಾತಕ್ಕೀಡಾಗಿ ಅವರು 34ನೆಯವರಾದರು. ಆರೇ ಓಟಗಳು ಉಳಿದಿದ್ದ ಆ ಹೊತ್ತಿನಲ್ಲಿ ಅಗ್ರಸ್ಥಾನದಲ್ಲಿದ್ದ ಬಿಲ್ ಎಲಿಯಟ್‌ರಿಗಿಂತ ಅವರು 278 ಅಂಕಗಳಷ್ಟು ಹಿಂದಿದ್ದರು. ಒಂದು ಓಟವನ್ನು ಗೆದ್ದರೆ ಸಿಗುವುದೇ 175 ಅಂಕ. ಆಟ ಮುಗಿಯಿತೆಂದು ಎಲ್ಲರೂ ತಿಳಿದರು. ಆದರೆ ಮುಂದಿನ ವಾರಗಳಲ್ಲಿ ಮುಂದಿದ್ದವರು ಒಬ್ಬೊಬ್ಬರಾಗಿ ಎಡವಿದರು. ಕುಲ್ವಿಕಿಯವರು ಮಾತ್ರ ಒಂದೊಂದೇ ಅಂಕವನ್ನು ಕೂಡಿಹಾಕುತ್ತಾ ಬಂದರು.

ನವೆಂಬರ್ 15ರಂದು ಅಟ್ಲಾಂಟದಲ್ಲಿ ಕೊನೆಯ ಓಟ. ಪಟ್ಟ ಗೆಲ್ಲುವ ಸಾಧ್ಯತೆ ಆರು ಮಂದಿಗಿತ್ತು. ಡೇವಿ ಆಲಿಸನ್ ಮುಂದಿದ್ದರು. ಅವರಿಗಿಂತ 30 ಅಂಕ ಹಿಂದೆ ಕುಲ್ವಿಕಿ, 40 ಅಂಕ ಹಿಂದೆ ಎಲಿಯಟ್. ಎಲಿಯಟ್‌ರು ಓಡಿಸುತ್ತಿದ್ದುದು ಜೂನಿಯರ್ ಜಾನ್ಸನ್‌ರ ತಂಡದ ಕಾರು! ಹತ್ತು ಲಕ್ಷ ಡಾಲರುಗಳನ್ನು ನಿರಾಕರಿಸಿದವರಿಗೆ ಕೊನೆಗೆ ಎದುರಾಳಿಯಾಗಿ ನಿಂತದ್ದು ಅದೇ ಮನೆ. ಕುಲ್ವಿಕಿಯವರ ಕಾರು ಫೋರ್ಡ್ ಕಂಪನಿಯ ‘ಥಂಡರ್‌ಬರ್ಡ್’. ಅನುಮತಿ ಪಡೆದು ಅದರ ಮುಂಭಾಗದ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳನ್ನು ಮುಚ್ಚಿ ‘ಅಂಡರ್‌ಬರ್ಡ್’ ಎಂದು ಮಾಡಿಕೊಂಡರು. ದುರ್ಬಲನೆಂದು ಲೋಕ ಎಣಿಸುವವನ ಹಕ್ಕಿ ಎಂಬುದು ಆ ವಿನೋದದ ಭಾವ.

ಆ ಕಾರಿನಲ್ಲಿ ಸಂತ ಕ್ರಿಸ್ಟೋಫರರ ಪದಕವೂ ಇತ್ತು. ಕುಲ್ವಿಕಿಯವರು ಯಾವ ಓಟಕ್ಕೂ ಅದಿಲ್ಲದೆ ಇಳಿದವರಲ್ಲ. ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದರೆಂದು ಪರಂಪರೆ ಹೇಳುವ ಈ ಸಂತರು ಪ್ರಯಾಣಿಕರ ಪಾಲಕರು. 1969ರಲ್ಲಿ ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ಅವರ ಹಬ್ಬವನ್ನು ಕೈಬಿಟ್ಟರೂ ಅವರು ಸಂತರಾಗಿಯೇ ಉಳಿದಿದ್ದಾರೆ. ನಮ್ಮ ಮನೆಗಳ ವಾಹನಗಳಲ್ಲಿಯೂ ಅವರ ಚಿತ್ರ, ಪದಕಗಳು ಅಪರೂಪವಲ್ಲ.

ಓಟ 328 ಸುತ್ತುಗಳದು. ಮೊದಲನೆಯ ಬಾರಿ ಇಂಧನ, ಟೈರುಗಳಿಗಾಗಿ ನಿಂತಾಗಲೇ ಕುಲ್ವಿಕಿಯವರ ಕಾರಿನ ಮೊದಲನೆಯ ಗೇರು ಮುರಿಯಿತು. ಗೇರುಪೆಟ್ಟಿಗೆಯೊಳಗೆ ಲೋಹದ ಚೂರುಗಳು. ಗೇರು ಬದಲಿಸಿದರೆ ಆ ಚೂರುಗಳು ಸಿಕ್ಕಿಕೊಂಡು ಎಲ್ಲವೂ ನಾಶವಾಗುವ ಭಯ. ಅಂದಿನಿಂದ ಪ್ರತಿ ಬಾರಿಯೂ ನಿಂತ ಕಾರನ್ನು ನಾಲ್ಕನೆಯ ಗೇರಿನಲ್ಲಿಯೇ ಹೊರಡಿಸಬೇಕಾಯಿತು. ವಾಹನ ಓಡಿಸಬಲ್ಲವರಿಗೆ ಇದು ಎಷ್ಟು ನಾಜೂಕಿನ ಕೆಲಸವೆಂದು ಗೊತ್ತು. ಓಟದ ಕೊನೆಯ ಭಾಗದಲ್ಲಿ ಆಲಿಸನ್‌ರ ಮುಂದೆಯೇ ಇನ್ನೊಂದು ಕಾರು ತಿರುಗಿಬಿದ್ದು, ಅವರ ಕಾರು ಅದಕ್ಕೆ ಅಪ್ಪಳಿಸಿತು. ಪಟ್ಟ ಅವರ ಕೈತಪ್ಪಿತು. ಉಳಿದವರು ಕುಲ್ವಿಕಿ ಮತ್ತು ಎಲಿಯಟ್.

ಇಲ್ಲಿಂದ ಮುಂದಿನದು ಲೆಕ್ಕದ ಆಟ. ನಿಯಮದಂತೆ ಗೆದ್ದವರಿಗೆ 175, ಎರಡನೆಯವರಿಗೆ 170 ಅಂಕ. ಒಂದು ಸುತ್ತಾದರೂ ಮುಂದಾಳಾಗಿದ್ದವರಿಗೆ 5 ಅಂಕ ಹೆಚ್ಚು. ಎಲ್ಲರಿಗಿಂತ ಹೆಚ್ಚು ಸುತ್ತು ಮುಂದಿದ್ದವರಿಗೆ ಇನ್ನೂ 5. ಆಂಡ್ರೂಸ್‌ರು ಕಾಗದದ ಮೇಲೆ ಲೆಕ್ಕ ಹಾಕುತ್ತಾ, ಕುಲ್ವಿಕಿಯವರು ಎಷ್ಟು ಸುತ್ತು ಮುಂದಿದ್ದರೆ ಎಲಿಯಟ್‌ರು ಅವರನ್ನು ಮೀರಿಸಲಾರರು ಎಂಬುದನ್ನು ಕಂಡುಕೊಂಡರು. ಇಂಧನ ಮುಗಿಯುತ್ತಾ ಬಂದಿದ್ದರೂ ಆ ಸುತ್ತು ಪೂರೈಸುವವರೆಗೆ ಕಾರನ್ನು ಒಳಗೆ ಕರೆಯಲಿಲ್ಲ. 18 ಸುತ್ತು ಉಳಿದಿರುವಾಗ ಕರೆದರು. ಟೈರು ಬದಲಿಸದೆ, ಅವಸರದಲ್ಲಿ ಸ್ವಲ್ಪವೇ ಇಂಧನ ಸುರಿದು ಕಳುಹಿಸಿದರು. ಅದು ಕೊನೆಯವರೆಗೆ ಸಾಲುವುದೇ ಎಂಬ ಖಾತ್ರಿ ಇರಲಿಲ್ಲ. ಕುಲ್ವಿಕಿಯವರು ಎಲಿಯಟ್‌ರನ್ನು ಬೆನ್ನಟ್ಟುವ ಆಸೆಯನ್ನು ಅದುಮಿಕೊಂಡು, ಇಂಧನ ಉಳಿಸುವಂತೆ ಓಡಿಸಿ ಎರಡನೆಯವರಾಗಿ ಗುರಿ ಮುಟ್ಟಿದರು.

ಮುಂದಾಳಾಗಿ ಓಡಿದ ಸುತ್ತುಗಳು: ಕುಲ್ವಿಕಿ 103, ಎಲಿಯಟ್ 102. ಗೆದ್ದ ಎಲಿಯಟ್‌ರಿಗೆ 180 ಅಂಕ, ಎರಡನೆಯವರಾದ ಕುಲ್ವಿಕಿಯವರಿಗೂ 180. ವರ್ಷದ ಮೊತ್ತ 4,078 ಮತ್ತು 4,068. ಒಂದೇ ಒಂದು ಸುತ್ತು ಆ ಕೈಯಿಂದ ಈ ಕೈಗೆ ಹೋಗಿದ್ದರೆ ಇಬ್ಬರಿಗೂ 4,073 ಅಂಕಗಳಾಗಿ ಸಮವಾಗುತ್ತಿತ್ತು. ಸಮವಾದರೆ ಹೆಚ್ಚು ಓಟ ಗೆದ್ದವರಿಗೆ ಪಟ್ಟ. ಆ ವರ್ಷ ಎಲಿಯಟ್‌ರದು ಐದು ಗೆಲುವು, ಕುಲ್ವಿಕಿಯವರದು ಎರಡು. ಅಷ್ಟರ ಮಟ್ಟಿಗೆ ಒಂದೇ ಸುತ್ತಿನಲ್ಲಿ ಒಂದು ಬಾಳಿನ ದುಡಿಮೆ ನಿಂತಿತ್ತು. ಗೆದ್ದ ಮೇಲೆ ಅವರು ಮತ್ತೊಮ್ಮೆ ಕಾರನ್ನು ತಿರುಗಿಸಿ ಪೋಲಿಷ್ ವಿಜಯ ಸುತ್ತು ಬಂದರು. ಕಾರಿನಿಂದ ಇಳಿಯುವ ಮುನ್ನ, ಎಲ್ಲರೂ ಕಾಯುತ್ತಿರುವಂತೆಯೇ, ನೆಮ್ಮದಿಯಿಂದ ತಲೆ ಬಾಚಿಕೊಂಡರು. ಕಾಲೇಜು ಪದವಿ ಪಡೆದ ಮೊದಲನೆಯ ನ್ಯಾಸ್ಕಾರ್ ಚಾಂಪಿಯನ್ ಅವರು. ತನ್ನ ತಂಡಕ್ಕೆ ತಾನೇ ಒಡೆಯನಾದ ಇನ್ನೊಬ್ಬ ಚಾಲಕನು ಆ ಪಟ್ಟಕ್ಕೆ ಏರಲು 2011ರವರೆಗೆ, ಟೋನಿ ಸ್ಟುವರ್ಟ್‌ರವರೆಗೆ ಕಾಯಬೇಕಾಯಿತು.

ಗರಿಗಳ ಭಾನುವಾರ

ಚಾಂಪಿಯನ್ ಆಗಿ ಅವರು ಬದುಕಿದ್ದು ಐದು ತಿಂಗಳೂ ಅಲ್ಲ. 1993ರ ಏಪ್ರಿಲ್ 1ರಂದು, ಗುರುವಾರ ರಾತ್ರಿ, ನಾಕ್ಸ್‌ವಿಲ್‌ನಲ್ಲಿ ಪ್ರಾಯೋಜಕರ ಕಾರ್ಯಕ್ರಮವೊಂದನ್ನು ಮುಗಿಸಿ ಬ್ರಿಸ್ಟಲ್‌ನ ಓಟಕ್ಕಾಗಿ ಚಿಕ್ಕ ವಿಮಾನದಲ್ಲಿ ಬರುತ್ತಿದ್ದರು. ಟೆನೆಸ್ಸೀ ರಾಜ್ಯದ ಬ್ಲೌಂಟ್‌ವಿಲ್ ಬಳಿ ಇಳಿಯುವ ಹೊತ್ತಿಗೆ ವಿಮಾನ ನೆಲಕ್ಕೆ ಬಿದ್ದು, ಅದರಲ್ಲಿದ್ದ ನಾಲ್ವರೂ ಮೃತಪಟ್ಟರು. ಇಂಜಿನ್ನಿನಲ್ಲಿ ಮಂಜುಗಡ್ಡೆ ಕಟ್ಟದಂತೆ ತಡೆಯುವ ವ್ಯವಸ್ಥೆಯನ್ನು ಬಳಸದಿದ್ದುದೇ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ಕುಲ್ವಿಕಿಯವರಿಗೆ ಆಗ 38 ವರ್ಷ. ಕಾರಿನ ವೇಗದಲ್ಲಿ ಬಾರದ ಸಾವು ಪ್ರಯಾಣಿಕರ ಆಸನದಲ್ಲಿ ಬಂದಿತು.

ಮರುದಿನ ಬ್ರಿಸ್ಟಲ್‌ನ ಹಾದಿಯಲ್ಲಿ, ಅವರ ಕಾರನ್ನು ಹೊತ್ತು ತಂದಿದ್ದ ದೊಡ್ಡ ಲಾರಿ, ಮುಂಭಾಗಕ್ಕೆ ಕಪ್ಪು ಹೂಚಕ್ರ ಕಟ್ಟಿಕೊಂಡು ನಿಧಾನವಾಗಿ ಸುತ್ತಿ ಹೊರಟುಹೋಯಿತು. ಏಪ್ರಿಲ್ 4, ಗರಿಗಳ ಭಾನುವಾರ. ಆ ದಿನದ ಓಟವನ್ನು ಗೆದ್ದವರು ಎ.ಎಸ್.ಎ. ದಿನಗಳಿಂದಲೂ ಅವರ ಗೆಳೆಯರಾಗಿದ್ದ ರಸ್ಟಿ ವಾಲೆಸ್. ಗೆದ್ದೊಡನೆ ವಾಲೆಸ್‌ರು ತಮ್ಮ ಕಾರನ್ನು ತಿರುಗಿಸಿ, ಗೆಳೆಯನಿಗಾಗಿ ಹಿಮ್ಮುಖದ ಆ ಸುತ್ತನ್ನು ಬಂದರು. ಆ ವರ್ಷದ ಜುಲೈಯಲ್ಲಿ ಡೇವಿ ಆಲಿಸನ್‌ರೂ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಅಟ್ಲಾಂಟದ ಓಟ ಮುಗಿದಾಗ ವಾಲೆಸ್ ಮತ್ತು ಆ ವರ್ಷದ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್ ಅಗಲಿದ ಇಬ್ಬರ ಸಂಖ್ಯೆಗಳ ಧ್ವಜಗಳನ್ನು ಹಿಡಿದು ಜೊತೆಜೊತೆಯಾಗಿ ಅದೇ ಸುತ್ತನ್ನು ಬಂದರು. ಒಂದು ಕಾಲದಲ್ಲಿ ನಕ್ಕಿದ್ದ ವಲಯ ಈಗ ಉತ್ತರದ ಆ ಆಗಂತುಕರ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟಿತ್ತು.

ಅವರ ದೇಹ ಮಿಲ್ವಾಕಿಯ ಸಂತ ಅಡಾಲ್ಬರ್ಟರ ಸ್ಮಶಾನದಲ್ಲಿ ವಿರಮಿಸುತ್ತಿದೆ. 207 ಓಟ, 5 ಗೆಲುವು: ಬರಿಯ ಅಂಕಿಗಳಲ್ಲಿ ಇದು ದೊಡ್ಡ ದಾಖಲೆಯಲ್ಲ. ಆದರೂ 2019ರಲ್ಲಿ ನ್ಯಾಸ್ಕಾರಿನ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರಕಿತು.

ಪದಕ ಧರಿಸಿದವರಿಗೂ ಸಾವು ಬಂತಲ್ಲ ಎಂದು ಯಾರಾದರೂ ಕೇಳಬಹುದು. ಪದಕ ತಾಯಿತವಲ್ಲ ಎಂದು ಧರ್ಮಸಭೆ ನಮಗೆ ಸದಾ ಕಲಿಸಿದೆ. ಅದು ಒಂದು ಪ್ರಾರ್ಥನೆ. ಪಯಣ ದೇವರ ಕೈಯಲ್ಲಿದೆ ಎಂಬ ಒಪ್ಪಿಗೆಯೇ ಅದರ ಅರ್ಥ. ಆದರೆ ಆ ಒಪ್ಪಿಗೆ ಕುಲ್ವಿಕಿಯವರನ್ನು ಕೈಕಟ್ಟಿ ಕೂರಿಸಲಿಲ್ಲ. ದೇವರ ಮೇಲೆ ಭಾರ ಹಾಕಿದವರು ಸುತ್ತುಗಳ ಲೆಕ್ಕವನ್ನೂ ಬಿಡಲಿಲ್ಲ.

ಅವರ ಕುಟುಂಬದವರ ಆಸಕ್ತಿಯಿಂದ 2015ರಲ್ಲಿ ಅವರ ಹೆಸರಿನ ಯೋಜನೆಯೊಂದು ಆರಂಭವಾಯಿತು. ಊರಮಟ್ಟದಲ್ಲಿ ಲೇಟ್ ಮಾಡೆಲ್ ಕಾರು ಓಡಿಸುವ, ಕೈಯಲ್ಲಿ ಹೆಚ್ಚು ಹಣವಿಲ್ಲದ ಯುವ ಚಾಲಕರಿಗೆ ಅದು ನೆರವಾಗುತ್ತದೆ. ಓಟದ ಫಲಿತಾಂಶದೊಡನೆ ಸಮಾಜಕ್ಕೆ ಅವರು ಮಾಡುವ ಸೇವೆಯನ್ನೂ ಅಲ್ಲಿ ಪರಿಗಣಿಸುತ್ತಾರೆ. ಮೊದಲನೆಯ ವರ್ಷ ಅದರ ಪ್ರಶಸ್ತಿ ಪಡೆದ ವಿಸ್ಕಾನ್ಸಿನ್‌ನ ಟೈ ಮಜೆಸ್ಕಿ ಎಂಬ ಯುವಕನೂ ಇಂಜಿನಿಯರಿಂಗ್ ಓದಿದವನೇ. 2024ರಲ್ಲಿ ಆತನು ನ್ಯಾಸ್ಕಾರಿನ ಟ್ರಕ್ ಶ್ರೇಣಿಯ ಚಾಂಪಿಯನ್ ಆದನು.

ನಮ್ಮ ಮಕ್ಕಳೆಲ್ಲರೂ ಓಟಗಾರರಾಗಬೇಕಾಗಿಲ್ಲ. ಅಪಾಯದ ಈ ವೃತ್ತಿಯನ್ನು ಯಾವ ತಾಯಿಯೂ ಮಗನಿಗಾಗಿ ಬಯಸುವುದಿಲ್ಲ ಎಂಬುದೂ ನಮಗೆ ತಿಳಿದಿದೆ. ಆದರೆ ರಜೆಯ ದಿನ ಹಳೆಯ ಮೋಟಾರು ಸೈಕಲ್ಲನ್ನು ಬಿಚ್ಚಿ ಅಂಗಳದ ತುಂಬ ಹರಡಿಕೊಂಡು ಕೂರುವ ಹುಡುಗನನ್ನು ಗದರಿಸುವ ಮೊದಲು ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಓದನ್ನು ಬಿಡಬೇಡವೆಂದು ಹೇಳೋಣ. ಬಿಚ್ಚಿದ್ದನ್ನು ಅವನೇ ಜೋಡಿಸಲಿ.